ಒಂದು ಸ್ಟಾರ್‌ಗೆ ಹತ್ತೊಂಬತ್ತು ಜನರ ಜಾಮೀನು

ಮಾನ್ಯ ಸಂಪಾದಕರೇ,

ಅಂಗಡಿಯವನೊಬ್ಬ ಗ್ರಾಹಕರ ಮೇಲೆ ಕೂಗಾಡುತ್ತಿರುವ ನಲವತ್ತು ಸೆಕೆಂಡಿನ ವಿಡಿಯೊವನ್ನು ಆಧರಿಸಿ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಸುದ್ದಿ ಬಂದಿತ್ತು. ಮರುದಿನ, ಗ್ರಾಹಕನೇ ದೇವರೆಂಬುದನ್ನು ವ್ಯಾಪಾರಿಗಳು ಮರೆತಿದ್ದಾರೆ ಎಂಬ ಟಿಪ್ಪಣಿಯೂ ಬಂತು. ಆ ಅಂಗಡಿಯವನ ಪರ ವಹಿಸಲು ನಾನು ಬರೆಯುತ್ತಿಲ್ಲ. ಅವನು ಆಡಿದ ಮಾತು ಆಡುವಂಥದ್ದಲ್ಲ. ಆದರೆ ವಿಡಿಯೊ ಶುರುವಾಗುವ ಮುಂಚಿನ ಹತ್ತು ನಿಮಿಷ ಅಲ್ಲಿ ಏನು ನಡೆಯಿತೆಂಬುದರ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ವಾಚ್ ರಿಪೇರಿ ಮಾಡುತ್ತಿರುವ ನನಗೆ ಆ ಹತ್ತು ನಿಮಿಷ ಚೆನ್ನಾಗಿ ಪರಿಚಯ.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಒಬ್ಬರು ಸೆಲ್ ಬದಲಿಸಲು ವಾಚ್ ತಂದರು. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿತ್ತು. ಹಿಂದಿನ ಮುಚ್ಚಳ ತೆಗೆದರೆ ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು, ಅದು ಕಾಯಿಲ್ ಎಂಬ ತಂತಿ ಸುರುಳಿಯ ತನಕ ಹಬ್ಬಿತ್ತು. ಒಳಗೆ ನೀರು ಹೋಗಿದೆ, ಬರೀ ಸೆಲ್ ಹಾಕಿದರೆ ನಡೆಯುವುದಿಲ್ಲ ಎಂದೆ. ಅವರು ಡಯಲ್ ಮೇಲೆ ಸಣ್ಣಕ್ಷರದಲ್ಲಿದ್ದ ‘ವಾಟರ್ ರೆಸಿಸ್ಟೆಂಟ್ 30 ಮೀಟರ್’ ಎಂಬುದನ್ನು ಬೆರಳಿಟ್ಟು ತೋರಿಸಿದರು. ಆ ಮೂವತ್ತು ಮೀಟರ್ ಎಂದರೆ ಹೊಸ ವಾಚ್ ಪರೀಕ್ಷೆಯಲ್ಲಿ ತಡೆದುಕೊಂಡ ಒತ್ತಡದ ಲೆಕ್ಕ, ಕೈ ತೊಳೆಯುವಾಗ ಸಿಡಿಯುವ ಹನಿಗೆ ಸಾಕು, ಈಜಲು ಸಾಲದು, ಮುಚ್ಚಳದೊಳಗಿನ ರಬ್ಬರ್ ಬಳೆ ವರ್ಷ ಕಳೆದಂತೆ ಬಿರುಸಾಗುತ್ತದೆ. ಇಷ್ಟು ಹೇಳಲು ನನಗೆ ಎರಡು ನಿಮಿಷ ಹಿಡಿಯಿತು. ಮಾತು ಮುಗಿಯುವಷ್ಟರಲ್ಲಿ ಅವರ ಮೊಬೈಲ್ ನನ್ನ ಮುಖಕ್ಕೆ ತಿರುಗಿತ್ತು.

ಹಣ ತೆಗೆದುಕೊಳ್ಳದೆ ಮುಚ್ಚಳ ಹಾಕಿ ಕೊಟ್ಟೆ. ಸಂಜೆಯ ಹೊತ್ತಿಗೆ ಅಂತರ್ಜಾಲದಲ್ಲಿ ನನ್ನ ಅಂಗಡಿಯ ಹೆಸರಿನ ಕೆಳಗೆ ಒಂದು ಸ್ಟಾರ್ ಬಿದ್ದಿತ್ತು. ‘ಸರಿಯಿದ್ದ ವಾಚನ್ನು ಬಿಚ್ಚಿ ಕೆಡಿಸಿದರು, ಕೇಳಿದರೆ ಪಾಠ ಹೇಳುತ್ತಾರೆ.’ ಜೊತೆಗೊಂದು ಫೋಟೊ: ಬಾಯಿ ತೆರೆದ ವಾಚ್, ಪಕ್ಕದಲ್ಲಿ ನನ್ನ ಹೆಬ್ಬೆರಳು. ಪಾಠ ಹೇಳುತ್ತೇನೆಂಬುದು ನಿಜ, ಮನೆಯವರೂ ಅದನ್ನೇ ಹೇಳುತ್ತಾರೆ. ಉಳಿದದ್ದು ಸುಳ್ಳು.

ಆ ರಾತ್ರಿ ಕಾಗದ ಹಿಡಿದು ಲೆಕ್ಕ ಹಾಕಿದೆ. ಅದುವರೆಗೆ ನನಗಿದ್ದದ್ದು 40 ರಿವ್ಯೂ, ಸರಾಸರಿ 4.8. ಇದೊಂದು ಸೇರಿ 4.7 ಆಯಿತು. ಪೂರ್ತಿ 4.8ಕ್ಕೆ ಮರಳಬೇಕಾದರೆ ಎಷ್ಟು ಜನ ಐದಕ್ಕೆ ಐದು ಕೊಡಬೇಕು? ಒಂದು ಸ್ಟಾರ್ ಸರಾಸರಿಗಿಂತ 3.8ರಷ್ಟು ಕೆಳಗೆ ಎಳೆಯುತ್ತದೆ. ಐದು ಸ್ಟಾರ್ ಮೇಲೆತ್ತುವುದು ಬರೀ 0.2. ಅಂದರೆ ಹತ್ತೊಂಬತ್ತು ಜನ. ವಿಚಿತ್ರವೆಂದರೆ, ಅದೇ ಸರಾಸರಿಯ 4,000 ರಿವ್ಯೂಗಳಿರುವ ದೊಡ್ಡ ಮಳಿಗೆಗೂ ಉತ್ತರ ಹತ್ತೊಂಬತ್ತೇ. ಆದರೆ ಅವರ ಸರಾಸರಿ 4.799ಕ್ಕೆ ಇಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹತ್ತೊಂಬತ್ತು ಜನ ಅವರಿಗೆ ಕೆಲವೇ ದಿನಗಳಲ್ಲಿ ಸಿಕ್ಕಾರು. ನನಗೆ ಆ ನಲವತ್ತು ಬರಲು ಐದು ವರ್ಷ ಹಿಡಿದಿತ್ತು. ವಾಚ್ ಸರಿಯಾದವರು ಅದನ್ನು ಕೈಗೆ ಕಟ್ಟಿಕೊಂಡು ಹೊರಟುಬಿಡುತ್ತಾರೆ. ಕೂತು ಬರೆಯುವುದಕ್ಕೆ ಸಿಟ್ಟು ಬೇಕು.

ಇದು ನನ್ನೊಬ್ಬನ ಗೊಣಗಾಟವಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಮೈಕಲ್ ಲೂಕಾ ಅವರು 2011ರಲ್ಲಿ ಸಿಯಾಟಲ್ ನಗರದ ರೆಸ್ಟೋರೆಂಟ್‌ಗಳ ಆದಾಯವನ್ನು ಯೆಲ್ಪ್ ಜಾಲತಾಣದ ರೇಟಿಂಗ್ ಜೊತೆ ಹೋಲಿಸಿ ನೋಡಿದ್ದರು. ಒಂದು ಸ್ಟಾರ್ ಹೆಚ್ಚಿದರೆ ಆದಾಯ ಶೇ 5ರಿಂದ 9ರಷ್ಟು ಏರುತ್ತಿತ್ತು. ಈ ಪರಿಣಾಮ ಕಂಡದ್ದು ಸ್ವತಂತ್ರ ಮಾಲೀಕರ ರೆಸ್ಟೋರೆಂಟ್‌ಗಳಲ್ಲಿ. ಊರೂರಲ್ಲಿ ಶಾಖೆಗಳಿರುವ ಹೆಸರಾಂತ ಸರಪಳಿ ರೆಸ್ಟೋರೆಂಟ್‌ಗಳಲ್ಲಿ ಕಾಣಲಿಲ್ಲ. ಅವರ ಬಗ್ಗೆ ಜನರಿಗೆ ಮೊದಲೇ ಗೊತ್ತಿರುತ್ತದೆ. ನಮ್ಮ ಬಗ್ಗೆ ಗೊತ್ತಾಗುವುದೇ ಮತ್ತೊಬ್ಬ ಅಪರಿಚಿತ ಬರೆದದ್ದರಿಂದ.

‘ಗ್ರಾಹಕ ಹೇಳಿದ್ದೇ ಸರಿ’ ಎಂಬ ಇಂಗ್ಲಿಷ್ ಗಾದೆಯನ್ನು ನಿಮ್ಮ ಟಿಪ್ಪಣಿಕಾರರು ಉದ್ಧರಿಸಿದ್ದರು. ಅದು ಕೇಳಿಬರುವುದು ಶಿಕಾಗೋದ ಮಾರ್ಷಲ್ ಫೀಲ್ಡ್, 1909ರಲ್ಲಿ ಲಂಡನ್ನಿನಲ್ಲಿ ಮಳಿಗೆ ತೆರೆದ ಹ್ಯಾರಿ ಗಾರ್ಡನ್ ಸೆಲ್ಫ್ರಿಡ್ಜ್ ಮುಂತಾದವರ ಹೆಸರಿನೊಡನೆ. ಇಬ್ಬರದೂ ಹಲವು ಅಂತಸ್ತಿನ, ನೂರಾರು ನೌಕರರ ಮಳಿಗೆಗಳು. ಅಲ್ಲಿ ಸುಳ್ಳು ದೂರಿನ ನಷ್ಟವೂ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲಾಗಿ ಕರಗಿಹೋಗುತ್ತದೆ. ಒಬ್ಬನೇ ಕೂರುವ ಮೇಜಿನಲ್ಲಿ ಅದು ಆ ದಿನದ ದುಡಿಮೆ.

ಇನ್ನು ನಮ್ಮವರ ಬಗ್ಗೆಯೂ ಹೇಳಬೇಕು, ಏಕೆಂದರೆ ಕೆಡುವುದು ಹೆಚ್ಚಾಗಿ ನಮ್ಮ ಉತ್ತರದಿಂದ. ಆ ರಾತ್ರಿ ನಾನು ಬರೆದ ಮೊದಲ ಉತ್ತರ ಹದಿನಾಲ್ಕು ಸಾಲಿನದು. ಅದರಲ್ಲಿ ‘ನಿಮ್ಮಂಥವರು’ ಎಂಬ ಪದ ಮೂರು ಸಲ ಇತ್ತು. ಮಗಳು ಓದಿ, ‘ಇದನ್ನು ಅವರಿಗೆ ಬರೆದಿದ್ದೀಯೋ, ನಾಳೆ ಅಂಗಡಿ ಹುಡುಕುವವರಿಗೋ?’ ಎಂದಳು. ಬೆಳಿಗ್ಗೆ ಹಾಕಿದ್ದು ನಾಲ್ಕು ಸಾಲು: ‘ತಮಗಾದ ಬೇಸರಕ್ಕೆ ವಿಷಾದವಿದೆ. ಮುಚ್ಚಳ ತೆಗೆದಾಗ ಒಳಗೆ ನೀರಿನ ಕಿಲುಬು ಇತ್ತು, ಹಣ ಪಡೆದಿಲ್ಲ. 30 ಮೀಟರ್ ಎಂದು ಬರೆದ ವಾಚ್ ಕೂಡ ಈಜಿಗೆ ತಕ್ಕದ್ದಲ್ಲ. ವಾಚ್ ತಂದರೆ ಮತ್ತೊಮ್ಮೆ ತಮ್ಮೆದುರೇ ತೆರೆದು ತೋರಿಸುತ್ತೇನೆ.’ ಅವರು ಬರಲಿಲ್ಲ, ಸ್ಟಾರ್ ಕೂಡ ಹಾಗೇ ಇದೆ. ಆದರೆ ಎರಡು ತಿಂಗಳ ಮೇಲೆ ಬೇರೊಬ್ಬರು ಮಂಜು ಕಟ್ಟಿದ ವಾಚ್ ಮೇಜಿನ ಮೇಲಿಟ್ಟು, ‘ನೀವು ಬರೆದದ್ದು ಓದಿದೆ, ನನ್ನದೂ ನೀರು ಕುಡಿದಿದೆ’ ಎಂದರು.

ರಿವ್ಯೂ ತೆಗೆಸಿಬಿಡಿ ಎಂದು ಸಲಹೆ ಕೊಟ್ಟವರು ಬಹಳ. ಅದು ಹಾಗೆ ನಡೆಯುವುದಿಲ್ಲ. ಬೈಗುಳ, ಬೆದರಿಕೆ, ನಕಲಿ ಖಾತೆಯಂಥ ನಿಯಮಭಂಗವಿದ್ದರೆ ದೂರು ಕೊಡಬಹುದು. ‘ನಾನು ಹಾಳು ಮಾಡಿಲ್ಲ’, ‘ಮಾಡಿದ್ದೀರಿ’ ಎಂಬ ಜಗಳದಲ್ಲಿ ತೀರ್ಪು ಕೊಡಲು ಗೂಗಲ್‌ನಂಥ ಕಂಪನಿ ಬರುವುದಿಲ್ಲ. ಅದನ್ನು ತಪ್ಪೆನ್ನಲಾರೆ, ಅವರ ಬಳಿ ವಾಚ್ ಇರುವುದಿಲ್ಲವಲ್ಲ. ವಕೀಲರ ನೋಟಿಸ್ ಕಳಿಸು ಎಂದವರಿಗೆ ನಾನು ಬಾರ್ಬ್ರಾ ಸ್ಟ್ರೈಸಾಂಡ್ ಕಥೆ ಹೇಳುತ್ತೇನೆ. ಕಡಲತೀರದ ತಮ್ಮ ಮನೆಯ ಫೋಟೊ ಅಂತರ್ಜಾಲದಲ್ಲಿದೆ ಎಂದು ಆ ಗಾಯಕಿ 2003ರಲ್ಲಿ ದಾವೆ ಹೂಡಿದರು. ಅಲ್ಲಿಯವರೆಗೆ ಅದನ್ನು ಡೌನ್‌ಲೋಡ್ ಮಾಡಿದ್ದು ಆರು ಸಲ, ಅದರಲ್ಲೂ ಎರಡು ಅವರ ವಕೀಲರದೇ. ದಾವೆಯ ಸುದ್ದಿ ಹಬ್ಬಿದ ಒಂದೇ ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಸಲ ಜನ ಆ ತಾಣಕ್ಕೆ ಹೋಗಿ ನೋಡಿದರು. ನನ್ನ ಒಂದು ಸ್ಟಾರ್‌ಗೆ ಅಷ್ಟು ಪ್ರಚಾರ ಬೇಡ.

ಹಣ ಕೊಟ್ಟರೆ ಐವತ್ತು ಐದು-ಸ್ಟಾರ್ ಹಾಕಿಸಿಕೊಡುತ್ತೇವೆ ಎಂಬ ಸಂದೇಶಗಳು ವಾರಕ್ಕೊಮ್ಮೆಯಾದರೂ ಬರುತ್ತವೆ. ಇಂಥ ವ್ಯವಹಾರವನ್ನು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ನಿಯಮ ಮಾಡಿಯೇ ನಿಷೇಧಿಸಿತು. ನನಗಂತೂ ನಿಯಮ ಬೇಕಿರಲಿಲ್ಲ. ಕೊಂಡ ಹೊಗಳಿಕೆ ನಾಲ್ಕು ಸಾಲು ಓದುವಷ್ಟರಲ್ಲಿ ಗೊತ್ತಾಗಿಬಿಡುತ್ತದೆ, ಎಲ್ಲರೂ ಒಂದೇ ಲೇಖನಿಯಲ್ಲಿ ಬರೆದ ಹಾಗೆ.

ಎಲ್ಲ ಸಿಟ್ಟೂ ಸುಳ್ಳಲ್ಲ. ಒಮ್ಮೆ ಗಾಜು ಬದಲಿಸಿ ಕೊಟ್ಟ ವಾಚಿನ ಡಯಲ್ ಮೇಲೆ, ಗಾಜಿನ ಒಳಗೆ, ನನ್ನ ಬೆರಳಿನ ಗುರುತು ಉಳಿದಿತ್ತು. ವಾಚಿನ ಒಡತಿ ಅದನ್ನು ದೊಡ್ಡದು ಮಾಡಿ ಫೋಟೊ ಹಾಕಿ ಎರಡು ಸ್ಟಾರ್ ಕೊಟ್ಟರು. ಹೊಟ್ಟೆ ಉರಿಯಿತು, ಆದರೆ ಗೆರೆಗಳೆಲ್ಲ ನನ್ನವೇ. ಕರೆದು ಸರಿಮಾಡಿಕೊಟ್ಟೆ, ರೇಟಿಂಗ್ ಬದಲಿಸಿ ಎಂದು ಕೇಳಲಿಲ್ಲ. ಈಗ ಮುಚ್ಚುವ ಮುನ್ನ ಪ್ರತಿ ಡಯಲನ್ನೂ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡುತ್ತೇನೆ. ಒಪ್ಪಿಸಿಕೊಳ್ಳುವಾಗಲೇ ಗ್ರಾಹಕರ ಎದುರು ಮುಚ್ಚಳ ತೆಗೆದು, ಇದ್ದ ಸ್ಥಿತಿಯ ಫೋಟೊ ಹಿಡಿದು ಅವರ ಮೊಬೈಲಿಗೇ ಕಳಿಸುತ್ತೇನೆ. ಜಗಳ ಅರ್ಧಕ್ಕರ್ಧ ಇಳಿದಿದೆ. ಮೊಬೈಲ್ ಮುಖಕ್ಕೆ ತಿರುಗುವ ಮೊದಲು ವಾಚಿನತ್ತ ತಿರುಗಲಿ ಎಂಬುದಷ್ಟೇ ಉಪಾಯ.

ಗ್ರಾಹಕರಲ್ಲಿ ನನ್ನ ಕೋರಿಕೆ ಒಂದೇ. ಬರೆಯಬೇಡಿ ಎನ್ನುವುದಿಲ್ಲ, ಮೊದಲು ಒಮ್ಮೆ ನಮಗೆ ಹೇಳಿ, ಒಂದು ದಿನ ಕೊಡಿ. ಸರಿಹೋಗದಿದ್ದರೆ ಧಾರಾಳವಾಗಿ ಬರೆಯಿರಿ, ನಾವು ಏನೆಂದೆವು ಎಂಬುದನ್ನೂ ಸೇರಿಸಿ.

ನಿಮ್ಮಲ್ಲಿಯೂ ಒಂದು ಕೋರಿಕೆಯಿದೆ. ಮೊಬೈಲ್ ಹಿಡಿದವರಿಗೆ ಎರಡೂ ಕಡೆಯ ಮಾತು ಕೇಳುವ ಕಟ್ಟುಪಾಡಿಲ್ಲ, ಪತ್ರಿಕೆಗೆ ಇದೆ. ಆ ದಿನ ನೀವು ವಿಡಿಯೊದಿಂದ ತೆಗೆದು ಮುದ್ರಿಸಿದ ಚಿತ್ರದಲ್ಲಿ ಅಂಗಡಿಯ ಫಲಕ ಸ್ಪಷ್ಟವಾಗಿ ಕಾಣುತ್ತಿತ್ತು. ಫಲಕದ ಕೆಳಗಿನ ಸಾಲಿನಲ್ಲಿ ದೂರವಾಣಿ ಸಂಖ್ಯೆಯೂ ಇತ್ತು, ಕನ್ನಡಕವಿಲ್ಲದೆ ಓದಿದೆ.

ಇತಿ,
ಒಬ್ಬ ವಾಚ್ ರಿಪೇರಿಯವ