ಪುಟ್ಟೀ, ಅಮ್ಮ ಏನಂದ್ಕೋತಾಳೆ ಅಂತ ಕೇಳಿದ್ಯಲ್ಲ

ಪುಟ್ಟೀ,

ನಿನ್ನ ಕಾಮಿಡಿ ಸೀರಿಯಲ್ ಸ್ಕ್ರಿಪ್ಟ್ ಓದಿದೆ, ಮೂರು ಕಡೆ ಜೋರಾಗೇ ನಕ್ಕೆ. ಆದ್ರೆ ಕಾಗದದ ಕೊನೇಲಿ ಬರ್ದಿದ್ಯಲ್ಲ, ಸತ್ಯವೇದದ ಒಂದೊಂದು ಮಾತನ್ನೂ ಅಕ್ಷರ ಬಿಡದೆ ಪಾಲಿಸೋ ಆ ಮನುಷ್ಯನ್ನ ನೋಡಿ ಅಮ್ಮ ನನ್ನನ್ನೇ ಆಡ್ಕೊಂಡ್ಲು ಅಂದ್ಕೋತಾಳಾ ಮಾವ ಅಂತ, ಅದೊಂದು ಸಾಲು ಎರಡು ದಿನದಿಂದ ತಲೆ ಕೊರೀತಾ ಇದೆ.

ಅಂದ್ಕೊಳ್ಳಲ್ಲ ಅಂತ ಹೇಳೋಕೆ ನಂಗೆ ಧೈರ್ಯ ಇಲ್ಲ ಕಣೇ.

ತಾತನ ಬಟ್ಟೆ ವಿಷಯ ಗೊತ್ತಲ್ಲ, ಬೈಬಲಿನ ಯಾಜಕಕಾಂಡ 19:19, ಎರಡು ಥರದ ನೂಲು ಸೇರಿಸಿ ನೇಯ್ದ ಬಟ್ಟೆ ಹಾಕ್ಕೋಬಾರ್ದು ಅನ್ನೋ ಮಾತು. ಧರ್ಮೋಪದೇಶಕಾಂಡ 22:11ರಲ್ಲಿ ಉಣ್ಣೆ, ಅಗಸೆ ನಾರು ಎರಡನ್ನೇ ಹೇಳಿರೋದು ಅಂತ ತೋರ್ಸಿದ್ರೆ ಪುಸ್ತಕ ಮುಚ್ಚಿ ಎದ್ದು ಹೋಗೋರು. ಹೊಸ ಶರ್ಟ್ ಬಂತು ಅಂದ್ರೆ ಒಳಗಡೆ ಅಂಚಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಡೋರು, ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದ್ರೆ ಹತ್ತಿ, ಕರಗಿ ಗಟ್ಟಿ ಮಣಿ ಆಯ್ತೋ ಶರ್ಟ್ ವಾಪಸ್. ನಂಗಾಗ ಹತ್ತೊಂಬತ್ತು. ಕ್ರಿಸ್ಮಸ್ ನಾಟಕದಲ್ಲಿ ಅದನ್ನೇ ಮಾಡ್ದೆ, ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು, ಎಳೆ ಮೂಸಿ ನೋಡಿ. ಇಡೀ ಸಭೆ ಬಿದ್ದು ಬಿದ್ದು ನಕ್ತು. ಅಪ್ಪನೂ ನಕ್ರು, ಅಷ್ಟು ಸಾಕಿತ್ತು ನಂಗೆ. ಆದ್ರೆ ಅವತ್ತಿಂದ ಅವರು ನನ್ನೆದುರು ಕಡ್ಡಿ ಗೀರ್ಲಿಲ್ಲ ಪುಟ್ಟಿ, ಹಿತ್ತಲಿಗೆ ಹೋಗೋರು.

ಯಾಕಪ್ಪಾ ಹಿಂಗೆ ಮಾಡ್ತೀಯ ಅಂತ ನಾನು ಒಂದಿನ ಕೇಳ್ಲಿಲ್ಲ.

ಅಮೆರಿಕದಲ್ಲಿ ಸಿಬಿಎಸ್ ಚಾನೆಲ್‌ನೋರು 2018ರಲ್ಲಿ ಇಂಥದ್ದೇ ಒಂದು ಮಾಡಿದ್ರು, ‘ಲಿವಿಂಗ್ ಬಿಬ್ಲಿಕಲಿ’ ಅಂತ. ಅದ್ರಲ್ಲಿ ಒಬ್ಬ ಸಿನಿಮಾ ವಿಮರ್ಶಕ, ಗೆಳೆಯ ಸತ್ತುಹೋಗಿರ್ತಾನೆ, ಹೆಂಡ್ತಿ ಬಸುರಿ, ಅದ್ಕೆ ಅವನು ಬೈಬಲ್ ಹೇಳಿದಂಗೇ ಬದುಕ್ತೀನಿ ಅಂತ ಹೊರಡ್ತಾನೆ, ಅನುಮಾನ ಬಂದ್ರೆ ಕೇಳೋಕೆ ಒಬ್ಬ ಪಾದ್ರಿ, ಒಬ್ಬ ರಬ್ಬಿ, ಅಂದ್ರೆ ಯೆಹೂದಿ ಗುರು. ಫೆಬ್ರವರಿಲಿ ಶುರುವಾಗಿದ್ದು, 8 ಎಪಿಸೋಡಿಗೆ ಏಪ್ರಿಲ್‌ನಲ್ಲೇ ಎತ್ತಿಬಿಟ್ರು. ಅದು ಓಡ್ಲಿಲ್ಲ ಅಂತ ನಿನ್ನ ಹೆದರಿಸೋಕೆ ಹೇಳ್ತಿಲ್ಲ. ಅವನಿಗೆ ಒಂದು ಸಾವಿದೆ, ಒಂದು ಮಗು ಬರೋದಿದೆ. ನಿನ್ನೋನಿಗೆ ಏನಿದೆ? ನಾನು ಹುಡುಕ್ದೆ, ಸಿಗ್ಲಿಲ್ಲ. ನನ್ನ ನಾಟಕದಲ್ಲೂ ಇರ್ಲಿಲ್ಲ, ಬರೀ ಕಡ್ಡಿ ಮತ್ತೆ ಕನ್ನಡಕ.

ಟಿವಿ ಬಗ್ಗೆ ನಂಗೇನು ಗೊತ್ತು, ಆದ್ರೂ ಹೇಳ್ತೀನಿ, ಬೇಡ ಅನ್ಸಿದ್ರೆ ಬಿಡು. ಪಾಪ ಮಾಡಿದೋರಿಗೆ ಕಲ್ಲು ಹೊಡೆಯೋ ಸೀನು ಮೊದಲನೇ ಎಪಿಸೋಡಲ್ಲೇ ಬೇಡ, ಅದು ಎಲ್ರಿಗೂ ಹೊಳೆಯೋದು. ಧರ್ಮೋಪದೇಶಕಾಂಡ 22:8 ತೆಗೆದು ನೋಡು, ಹೊಸ ಮನೆ ಕಟ್ಟಿದ್ರೆ ಮಾಳಿಗೆ ಸುತ್ತ ಗೋಡೆ ಎಬ್ಬಿಸು, ಯಾರೂ ಬಿದ್ದು ಸಾಯಬಾರ್ದು ಅಂತ. ನಿನ್ನ ಮನುಷ್ಯ ಬಾಡಿಗೆ ಮನೇಲಿ ಇದ್ಕೊಂಡು ಪ್ಯಾರಾಪೆಟ್ ಕಟ್ಸಿ ಅಂತ ಓನರ್ ಪ್ರಾಣ ತಿಂದ್ರೆ ನಗುನೂ ಬರುತ್ತೆ, ಅವನ ಮೇಲೆ ಸ್ವಲ್ಪ ಪ್ರೀತಿನೂ ಬರುತ್ತೇನೋ. ಅಮ್ಮನ ಹೇರ್‌ಪಿನ್ ವಿಷಯ ಮಾತ್ರ ತೆಗೆದುಬಿಡು. ಅವಳಿಗೆ ತಕ್ಷಣ ಗೊತ್ತಾಗುತ್ತೆ.

ಮತ್ತೆ ಅದೇ ಮಾತಿಗೆ ಬಂದೆ ನೋಡು. ಅಮ್ಮ ನಕ್ರೂ ನಂಬ್ಬೇಡ, ಅಪ್ಪನೂ ನಕ್ಕಿದ್ರು. ಟಿವಿಗೆ ಹೋಗೋಕೆ ಮುಂಚೆ ನೀನೇ ಅವಳ ಪಕ್ಕ ಕೂತು ಓದಿ ಹೇಳು, ಅವಳು ಎಲ್ಲಿ ಸುಮ್ಮನಾಗ್ತಾಳೆ ಗಮನ ಇಡು.

ಇನ್ನೊಂದು. ಅಪ್ಪ ಯಾಕೆ ಎಳೆ ಸುಡ್ತಿದ್ರು ಅಂತ ನಿನ್ನಮ್ಮ ಅವರನ್ನ ಕೇಳಿದ್ಲಂತೆ, ಅವರು ಹೇಳಿದ್ರಂತೆ. ನಂಗೆ ಅವಳ ಹತ್ರ ಕೇಳೋ ಮುಖ ಇಲ್ಲ. ನೀನು ಕೇಳಿ, ಅವಳು ಬೇಡ ಅನ್ನದಿದ್ರೆ, ನಂಗೂ ಬರಿ.

ನಿನ್ನ ಮಾವ