ಆನೆಮರಿ ನೀರಿಗೆ ಬಿದ್ದ ಸದ್ದು

ಪ್ರಿಯ ಮಂಜು,

ನೀನು ಕನ್ನಡಕ್ಕೆ ತರುತ್ತಿರುವ ಮಕ್ಕಳ ಕಥೆಯಲ್ಲಿ ಆನೆಮರಿ ನೀರಿಗೆ ಬಿದ್ದಾಗ ಬರುವ ‘ಸ್ಪ್ಲೊಶ್’ ಬಗ್ಗೆ ಕೇಳಿದ್ದೆಯಲ್ಲ. ಅದನ್ನು ‘ಸ್ಪ್ಲ್ಯಾಶ್’ನ ತಪ್ಪು ಕಾಗುಣಿತ ಅಂದುಕೊಂಡು ತಿದ್ದಿಬಿಡಬೇಡ ಮಾರಾಯ. ಅದು ಬೇರೆಯದೇ ಪದ, ಬ್ರಿಟಿಷರ ಆಡುಮಾತಿನದು.

ಮನೆತನ ಮಾತ್ರ ಒಂದೇ. ಹಳೆಯ ಇಂಗ್ಲಿಷಿನಲ್ಲಿ ನೀರು ನಿಂತ ಗುಂಡಿಯನ್ನು ಹೇಳುತ್ತಿದ್ದ ಪದವೊಂದು ‘ಪ್ಲ್ಯಾಶ್’ ಆಯಿತು. 18ನೇ ಶತಮಾನದ ಹೊತ್ತಿಗೆ ಅದರ ಮುಂದೆ ಒಂದು ಸಕಾರ ಸೇರಿ ‘ಸ್ಪ್ಲ್ಯಾಶ್’ ಬಂತು. 19ನೇ ಶತಮಾನದಲ್ಲಿ ಯಾರದೋ ಬಾಯಲ್ಲಿ ನಡುವಿನ ಸ್ವರ ತುಟಿ ದುಂಡಗೆ ಮಾಡಿ ಹೇಳುವ ‘ಒ’ ಆಗಿ ‘ಸ್ಪ್ಲೊಶ್’ ಹುಟ್ಟಿತು. ಅದೇ ಶತಮಾನದ ಕೊನೆಗೆ ಲಂಡನ್ನಿನ ಬೀದಿಮಾತಿನಲ್ಲಿ ಇದಕ್ಕೆ ದುಡ್ಡು ಎಂಬ ಅರ್ಥವೂ ಅಂಟಿಕೊಂಡಿತು. ನೀರಿನ ಹಾಗೆ ಖರ್ಚು ಮಾಡುವವರು ನಾವಷ್ಟೇ ಅಲ್ಲವಲ್ಲ! ಈಗ ಆ ಅರ್ಥ ಹಳತಾಗಿದೆ. ಅಡುಗೆಯವರು ಸಾರಿಗೆ ಧಾರಾಳವಾಗಿ ಸುರಿದ ವೈನಿಗೆ ಇದೇ ಪದ ಬಳಸುವುದುಂಟು.

ನನಗೆ ಖುಷಿ ಕೊಟ್ಟದ್ದು ಆ ದುಂಡು ಸ್ವರ. ನೀರಿಗೆ ಏನಾದರೂ ಬಿದ್ದಾಗ ಕೇಳುವ ಸದ್ದಿನಲ್ಲಿ ಹೆಚ್ಚಿನ ಪಾಲು ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳದ್ದು. ಗುಳ್ಳೆ ಹಿಗ್ಗಿ ಕುಗ್ಗುತ್ತಾ ಮಿಡಿಯುತ್ತದೆ, ಅದೇ ನಮಗೆ ಕೇಳಿಸುವುದು. 1933ರಲ್ಲಿ ಮಾರ್ಸೆಲ್ ಮಿನ್ನಾರ್ಟ್ ಎಂಬ ವಿಜ್ಞಾನಿ ಇದರ ಲೆಕ್ಕ ಕೊಟ್ಟ: 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಸಲ ಮಿಡಿದರೆ, 1 ಸೆಂಟಿಮೀಟರಿನದು ಸುಮಾರು 330 ಸಲ. ಗುಳ್ಳೆ ದೊಡ್ಡದಾದಷ್ಟೂ ದನಿ ತಗ್ಗು. ಇಂಗ್ಲಿಷಿನವರು ಇದನ್ನು ಕಿವಿಯಲ್ಲೇ ಅಳೆದಿದ್ದರು ಅನ್ನಿಸುತ್ತದೆ. ಹನಿ ಚಿಮ್ಮಿದರೆ ‘ಸ್ಪ್ಲಿಶ್’, ಅಂಗೈಯಿಂದ ನೀರು ಹೊಡೆದರೆ ‘ಸ್ಪ್ಲ್ಯಾಶ್’, ಭಾರದ್ದೇನಾದರೂ ಬಿದ್ದರೆ ತಗ್ಗು ದನಿಯ ‘ಸ್ಪ್ಲೊಶ್’.

ಹಾಗಾಗಿ ಆನೆಮರಿಗೆ ‘ಪಚಕ್’ ಬೇಡ, ಅದು ಕೆಸರು ತುಳಿದವನ ಸದ್ದು. ‘ಛಳ್’ ಬರೀ ಎರಚಾಟ. ‘ದುಡುಂ’ ಅಂತಲೇ ಬರೆ. ಬಾಯಿ ದುಂಡಗಾಗುತ್ತದೆ, ಕೊನೆಯ ಅನುಸ್ವಾರದಲ್ಲಿ ನೀರು ಮೇಲೆ ಮುಚ್ಚಿಕೊಂಡದ್ದೂ ಕೇಳುತ್ತದೆ. ಪ್ರಕಾಶಕರು ಇಂಗ್ಲಿಷ್ ಸದ್ದನ್ನೇ ಕನ್ನಡ ಲಿಪಿಯಲ್ಲಿ ಇಡೋಣ ಅಂದರೆ ಒಪ್ಪಬೇಡ. ಐದು ವರ್ಷದ ಮಗು ‘ಸ್ಪ್ಲೊ’ ಒತ್ತಕ್ಷರ ಬಿಡಿಸುವಷ್ಟರಲ್ಲಿ ಆನೆ ಈಜಿ ದಡ ಸೇರಿರುತ್ತದೆ.

ಮುಂದಿನ ಪುಟದ ಕಪ್ಪೆಗೆ ಏನು ಇಟ್ಟಿದ್ದೀಯ? ‘ಬುಳುಕ್’ ನನಗಿಷ್ಟ. ಕರಡು ಕಳಿಸು, ಗಟ್ಟಿಯಾಗಿ ಓದಿ ಹೇಳುತ್ತೇನೆ.

ನಿನ್ನ,
ರವಿ