ಅನ್ನ ತಿನ್ನೋ ಕೈ ಕಡೆ ತಿರುಗು

ಬೆಂಗಳೂರು, ಭಾನುವಾರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಎರಡು ಸಲ ಓದಿದೆ. ಪುಟ್ಟಿ ಒಂಬತ್ತನೇ ಕ್ಲಾಸಿಗೆ ಬಂದಿದ್ದಾಳೆ, ಶಾಲೆಯಲ್ಲಿ ಜೆಆರ್‌ಒಟಿಸಿ, ಅಂದರೆ ನಿಮ್ಮ ಅಮೆರಿಕದಲ್ಲಿ ನಮ್ಮ ಎನ್‌ಸಿಸಿ ತರಹದ್ದು, ಸೇರುತ್ತೇನೆ ಅಂತ ಹಟ ಹಿಡಿದಿದ್ದಾಳೆ, ನೀನು ಸಹಿ ಹಾಕಬೇಕಾದ ಫಾರಂ ಮೂರು ದಿನದಿಂದ ಊಟದ ಟೇಬಲ್ ಮೇಲೇ ಇದೆ. ಕೊನೆಯಲ್ಲಿ 'ಆಮೇಲೆ ಮಿಲಿಟರಿಗೆ ಕರ್ಕೊಂಡು ಹೋಗ್ತಾರಾ?' ಅಂತ ಕೇಳಿದ್ದೀಯ. ನಿನ್ನನ್ನು ನಿದ್ದೆಗೆಡಿಸಿರುವುದು ಅದೇ ಅಲ್ವಾ?

ಇಲ್ಲ ಕಣೋ. ಸೇರಿದವರು ಮುಂದೆ ಸೇನೆಗೆ ಹೋಗಲೇಬೇಕು ಅನ್ನುವ ಕರಾರು ಅದರಲ್ಲಿಲ್ಲ. ಹೋಗುವವರಿಗೆ ಶುರುವಿನ ರ‍್ಯಾಂಕಿನಲ್ಲಿ ಒಂದಿಷ್ಟು ಅನುಕೂಲ ಸಿಗುತ್ತದೆ, ಅಷ್ಟೇ. 1916ರ ಕಾನೂನಿನಿಂದ ಶುರುವಾದ ಕಾರ್ಯಕ್ರಮ ಅದು. ಪಾಠ ಹೇಳುವವರು ಹೆಚ್ಚಾಗಿ ಸೇನೆಯಿಂದ ನಿವೃತ್ತರಾದವರು. ಒಳ್ಳೆಯ ನಾಗರಿಕರಾಗಲು ಮಕ್ಕಳನ್ನು ಹುರಿದುಂಬಿಸುವುದೇ ನಮ್ಮ ಗುರಿ ಅಂತ ಅವರು ಹೇಳಿಕೊಳ್ಳುತ್ತಾರೆ. ಮಕ್ಕಳನ್ನು ಕೇಳದೆಯೇ ಸೇರಿಸಿಬಿಟ್ಟ ಶಾಲೆಗಳೂ ಅಲ್ಲಿವೆ. ಅದು ತಪ್ಪು, ನಾನು ಒಪ್ಪುವುದಿಲ್ಲ. ಆದರೆ ನಿನ್ನ ಮಗಳು ತಾನಾಗಿಯೇ ಆಸೆಪಟ್ಟು ಕೇಳುತ್ತಿದ್ದಾಳೆ.

'ಹುಡುಗಿಗೆ ಯಾಕೆ ಇದೆಲ್ಲ' ಅಂತ ನಿಮ್ಮಮ್ಮ ಹೇಳಿದರಂತೆ. ಅಮ್ಮನಿಗೆ ಹೇಳು, ನಮ್ಮ ಎನ್‌ಸಿಸಿಯಲ್ಲಿ ಹುಡುಗಿಯರ ವಿಭಾಗ 1949ರಲ್ಲೇ ಶುರುವಾಗಿತ್ತು. ಎನ್‌ಸಿಸಿ ಹುಟ್ಟಿದ ಮರುವರ್ಷವೇ! ಅಮೆರಿಕದಲ್ಲಿ ಕಾನೂನು ಹುಡುಗಿಯರಿಗೆ ಬಾಗಿಲು ತೆರೆದದ್ದು 1973ರಲ್ಲಿ.

ನನಗೆ ಇವತ್ತು ಬೆಳಗಿನಿಂದ ನಮ್ಮ ಎನ್‌ಸಿಸಿ ಕ್ಯಾಂಪೇ ನೆನಪಾಗುತ್ತಿದೆ. 'ಎ' ಸರ್ಟಿಫಿಕೇಟಿಗೆ ಒಂದು ಕ್ಯಾಂಪ್ ಮಾಡಲೇಬೇಕಲ್ಲ, ಅದಕ್ಕೆ ಹೋಗಿದ್ದೆವು. ಹತ್ತು ದಿನ. ನೆಲದ ಮೇಲೆ ಜಮಖಾನ, ಕತ್ತಲಿರುವಾಗಲೇ ಸೀಟಿ, ಸ್ಟೀಲ್ ತಟ್ಟೆ ಹಿಡಿದು ಸಾಲು. ಮಾಗಡಿ ಕಡೆಯ ಆ ಸಣಕಲು ಹುಡುಗ ನೆನಪಿದ್ದಾನಾ? ಅವನಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಡ್ರಿಲ್ ಹೇಳಿಕೊಡುವ ಉಸ್ತಾದರು 'ದಾಹಿನೇ ಮುಡ್' ಅಂದರೆ ನಾವೆಲ್ಲ ಬಲಕ್ಕೆ, ಅವನೊಬ್ಬ ಎಡಕ್ಕೆ. ಅವನು ತಪ್ಪಿದಾಗಲೆಲ್ಲ ಇಡೀ ಸೆಕ್ಷನ್, ಅಂದರೆ ನಮ್ಮ ಸಣ್ಣ ತಂಡ, ಮೈದಾನ ಸುತ್ತಬೇಕು. ಎರಡನೇ ದಿನದ ಹೊತ್ತಿಗೆ ಅವನ ಪಕ್ಕದಲ್ಲಿ ಕೂತು ಊಟ ಮಾಡುವವರೂ ಇರಲಿಲ್ಲ. ನಾನೂ ಅವನ ಮೇಲೆ ರೇಗಿದ್ದೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನೀನು ಮಾತ್ರ ಸುಮ್ಮನಿದ್ದೆ. ಆಗ ನೀನು ನಮ್ಮ ಸೆಕ್ಷನ್ನಿನ ಲ್ಯಾನ್ಸ್ ಕಾರ್ಪೊರಲ್. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವನನ್ನು ವರಾಂಡಕ್ಕೆ ಕರೆದುಕೊಂಡು ಹೋದೆ. ಏನು ಮಾಡುತ್ತೀಯ ಅಂತ ನಾನು ಕಿಟಕಿಯಿಂದ ನೋಡುತ್ತಿದ್ದೆ. 'ದಾಹಿನೇ ಅಂದ್ರೆ ಅನ್ನ ತಿನ್ನೋ ಕೈ ಕಡೆ. ಬಾಯೇ ಅಂದ್ರೆ ವಾಚು ಕಟ್ಟೋ ಕೈ ಕಡೆ. ಪೀಛೇ ಮುಡ್ ಅಂದ್ರೆ ಅನ್ನ ತಿನ್ನೋ ಕೈ ಕಡೆಯಿಂದಾನೇ ಪೂರ್ತಿ ಹಿಂದಕ್ಕೆ.' ಬಾಯಲ್ಲಿ ಪಿಸುಗುಟ್ಟುತ್ತಾ ಬರಿಗಾಲಲ್ಲಿ ಇಬ್ಬರೂ ತಿರುಗುತ್ತಿದ್ದಿರಿ. ಕಾಲು ಅಪ್ಪಳಿಸಿದರೆ ಸದ್ದಾಗುತ್ತದೆ ಅಂತ ಮೆಲ್ಲಗೆ ಊರುತ್ತಿದ್ದಿರಿ. ಮೂರು ರಾತ್ರಿ ಇದೇ ನಡೆಯಿತು. ಐದನೇ ದಿನ ಉಸ್ತಾದರು ಅವನನ್ನು ಹಿಂದಿನ ಸಾಲಿನಿಂದ ಮುಂದಕ್ಕೆ ತಂದು ನಿಲ್ಲಿಸಿದರು.

ಲ್ಯಾನ್ಸ್ ಕಾರ್ಪೊರಲ್ ಅಂದರೆ ತೋಳಿನ ಮೇಲೆ ಒಂದೇ ಒಂದು ಪಟ್ಟಿ. 'ಇವನಿಗೆ ಕಲಿಸು' ಅಂತ ನಿನಗೆ ಯಾರೂ ಹೇಳಿರಲಿಲ್ಲ. ಆದರೆ ಆ ಪಟ್ಟಿ ಬಂದ ದಿನದಿಂದ ಸೆಕ್ಷನ್ನಿನ ಆ ಒಂಬತ್ತು ಜನ ನಿನ್ನವರು ಅಂತ ನಿನಗೆ ಅನಿಸಿತ್ತು. ಕ್ಲಾಸ್ ಲೀಡರ್ ಆಗಿದ್ದಾಗ ನಿನ್ನಲ್ಲಿ ಅದನ್ನು ನಾನು ಕಂಡಿರಲಿಲ್ಲ. ಅಲ್ಲಿ ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆದರೆ ಕೆಲಸ ಮುಗಿಯುತ್ತಿತ್ತು. ಇಲ್ಲಿ ಒಬ್ಬ ತಪ್ಪಿದರೂ ಎಲ್ಲರೂ ಓಡಬೇಕು. ಆ ಶಿಕ್ಷೆ ಸರಿಯೋ ತಪ್ಪೋ, ನನಗೆ ಇವತ್ತಿಗೂ ಅನುಮಾನ ಇದೆ. ಆದರೆ ನೀನು ಅದರಿಂದ ಕಲಿತದ್ದರ ಬಗ್ಗೆ ಅನುಮಾನ ಇಲ್ಲ.

ಪುಟ್ಟಿಗೂ ಅಂಥ ಒಂಬತ್ತು ಜನ ಸಿಗಲಿ ಅಂತ ನನ್ನಾಸೆ. ಅವಳ ಶಾಲೆಯಲ್ಲಿ ಬೇರೆ ಬೇರೆ ದೇಶದಿಂದ ಬಂದ ಮಕ್ಕಳು ಜಾಸ್ತಿ ಅಂತ ನೀನೇ ಹೇಳಿದ್ದೆಯಲ್ಲ. ಅವಳ ಸಾಲಿನಲ್ಲೂ ಇಂಗ್ಲಿಷ್ ಬಾರದ ಒಂದು ಮಗು ನಿಂತಿರಬಹುದು.

ಸಮವಸ್ತ್ರ ಬಂದ ದಿನ ಬೂಟು ಪಾಲಿಶ್ ಮಾಡುವುದನ್ನು ನೀನೇ ತೋರಿಸಿಕೊಡು. ಹತ್ತಿಗೆ ಒಂದೇ ಹನಿ ನೀರು, ಸಣ್ಣ ಸಣ್ಣ ಸುತ್ತು. ನನಗೆ ಕಲಿಸಿದ್ದೂ ನೀನೇ.

ಅಂದಹಾಗೆ, ಹೋದ ತಿಂಗಳು ಮೆಜೆಸ್ಟಿಕ್‌ನಲ್ಲಿ ಆ ಮಾಗಡಿ ಹುಡುಗ ಸಿಕ್ಕಿದ್ದ. ತಲೆ ನರೆತಿದೆ. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಿನ್ನ ಹೆಸರು ಹೇಳಿದ ತಕ್ಷಣ ಬಲಗೈ ಎತ್ತಿ ತೋರಿಸಿದ. ನಿನ್ನ ನಂಬರ್ ಕೇಳಿದ್ದಾನೆ. ಕೊಡಲಾ?

ಇಂತಿ ನಿನ್ನ ಗೆಳೆಯ